ಮುಂಗಾಜಿನ ರಬ್ಬರು
1965ರಲ್ಲಿ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ ಹೊರಬರತೊಡಗಿದ ಎಂಜಿಬಿ ಜಿಟಿ ಎಂಬ ಸುಂದರ ಕಾರಿನ ಮುಂಗಾಜಿನ ಸುತ್ತಣ ರಬ್ಬರು, ವಾರ್ಧಕ್ಯದಿಂದ ಗಡುಸಾಗಿ ಬಿರಿದು, ಆ ದೇಶದಲ್ಲಿ ಎಂದೂ ಕೊರತೆಯಿಲ್ಲದ ಮಳೆಯಿಂದ ಚಾಲಕನ ಪಾದಗಳಿಗೆ ಅಭಿಷೇಕ ಮಾಡತೊಡಗಿದಾಗ, ಅದನ್ನು ಮನೆಯಲ್ಲಿಯೇ ಬದಲಿಸಬಲ್ಲೆನೆಂಬ ಸಾಹಸಬುದ್ಧಿಯು ಯಜಮಾನನಲ್ಲಿ ಅಂಕುರಿಸುವುದುಂಟು. ವಿಧಾನವೇನೋ ಸರಳವೇ: ಹೊಸ ರಬ್ಬರನ್ನು ಗಾಜಿಗೆ ತೊಡಿಸಿ, ಅದರ ಹೊರಗೀರಿನಲ್ಲಿ ಸುತ್ತಲೂ ಹುರಿಯೊಂದನ್ನು ಹುದುಗಿಸಿ, ಸಾಬೂನುನೀರು ಸವರಿ, ಚೌಕಟ್ಟಿಗೆ ಆನಿಸಿ, ಹೊರಗೊಬ್ಬರು ಅಂಗೈಯಿಂದ ಒತ್ತುತ್ತಿರಲು ಒಳಗೊಬ್ಬರು ಹುರಿಯನ್ನು ಮೆಲ್ಲನೆ ಎಳೆದರೆ, ರಬ್ಬರಿನ ತುಟಿಯು ತಗಡಿನ ಅಂಚನ್ನು ದಾಟಿ ಒಳಬಂದು ಕುಳಿತುಕೊಳ್ಳುವುದು. ಹೊರಗಿನವರು ಸಾಮಾನ್ಯವಾಗಿ ಧರ್ಮಪತ್ನಿಯೇ. ಒಳಗಿನಿಂದ ಹೊರಟ ಆಜ್ಞೆಗಳು ಗಾಜನ್ನು ದಾಟಲಾರವು, ಆಕೆಯ ಪ್ರತ್ಯುತ್ತರಗಳು ಮಾತ್ರ ನಿರಾತಂಕವಾಗಿ ದಾಟುವುವು. ರಬ್ಬರಿನೊಳಗೆ ಕೂರಬೇಕಾದ ಹೊಳಪುಪಟ್ಟಿಯ ಮಾತನ್ನು ಆ ಹೊತ್ತಿನಲ್ಲಿ ಎತ್ತದಿರುವುದೇ ಲೇಸು. ಏಕೆಂದರೆ ಅಷ್ಟರಲ್ಲಿ ದಂಪತಿಗಳು ಚಹಾಪಾನಕ್ಕೆ, ಬೇರೆಬೇರೆ ಕೊಠಡಿಗಳಲ್ಲಿ, ಕುಳಿತಿರುತ್ತಾರೆ.