ಹಸುಗೂಸಿನ ತಪ್ಪೊಪ್ಪಿಗೆ

ಹುಟ್ಟಿ ವರ್ಷ ತುಂಬಿಲ್ಲ. ಹಲ್ಲು ಬಂದಿಲ್ಲ. ಆದರೂ ಪೊಲೀಸರ ಮುಂದೆ ಒಪ್ಪಿಕೊಂಡಾಗಿದೆ: ‘ಹೌದು, ನಾನು ಗ್ಯಾಂಗಿನವನೇ.’

ತಮಾಷೆಯಲ್ಲ. ಕ್ಯಾಲಿಫೋರ್ನಿಯಾದ ಪೊಲೀಸರು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಗ್ಯಾಂಗ್ ಪಟ್ಟಿಯೊಂದಿದೆ, ಹೆಸರು ‘ಕ್ಯಾಲ್‌ಗ್ಯಾಂಗ್’. 2016ರಲ್ಲಿ ರಾಜ್ಯದ ಲೆಕ್ಕಪರಿಶೋಧಕರು ಅದನ್ನು ಕೆದಕಿದರು. ಪಟ್ಟಿಗೆ ಸೇರುವಾಗ ಒಂದು ವರ್ಷವೂ ತುಂಬಿರದ 42 ‘ಸದಸ್ಯರು’ ಸಿಕ್ಕರು. ಅವರಲ್ಲಿ 28 ಮಂದಿ ‘ತಾವಾಗಿಯೇ ಒಪ್ಪಿಕೊಂಡವರು’!

ಹುಟ್ಟಿದ ದಿನಾಂಕ ತಪ್ಪಿರಬೇಕು, ಸರಿ. ಯಾರೂ ನೋಡಲಿಲ್ಲವೇ? ನೋಡುವುದು ಯಾರ ಕೆಲಸವೂ ಅಲ್ಲವೇ? ಐದು ವರ್ಷಕ್ಕೆ ಅಳಿಸಬೇಕಿದ್ದ ಹೆಸರುಗಳಲ್ಲಿ 600ಕ್ಕೂ ಹೆಚ್ಚಿನವಕ್ಕೆ ಅದನ್ನು ಮೀರಿದ ಗಡುವು ಇತ್ತು. ಹಲವಕ್ಕೆ ನೂರು ವರ್ಷದಾಚೆ. ಆಸಾಮಿಯ ತಿಥಿ ಮುಗಿದು ಮೊಮ್ಮಕ್ಕಳು ಮುದುಕರಾದರೂ ಕಡತ ಮಾತ್ರ ಚಿರಂಜೀವಿ.

ಪರಿಶೋಧನೆಗೆ ಆರಿಸಿಕೊಂಡ ನಾಲ್ಕು ಇಲಾಖೆಗಳಲ್ಲಿ ಸಾಂಟಾ ಕ್ಲಾರಾ ಕೌಂಟಿಯ ಶೆರಿಫ್ ಕಚೇರಿಯೂ ಒಂದು. ಅಂದರೆ ಸಿಲಿಕಾನ್ ವ್ಯಾಲಿ. ಲೋಕಕ್ಕೆಲ್ಲ ಕಂಪ್ಯೂಟರ್ ಪಾಠ ಹೇಳುವ ಸೀಮೆ.

ಪೊಲೀಸರ ಪಟ್ಟಿಯ ಗತಿ ಇದು. ಇನ್ನು ಅದೇ ರಾಜ್ಯದ ಬಾಲ ನ್ಯಾಯಾಲಯದ ಕಡತ. ಕೋರ್ಟು ಹೇಳಿದಂತೆ ಪ್ರೊಬೇಷನ್, ಅಂದರೆ ನಿಗಾದ ಅವಧಿ, ಮುಗಿಸಿದ ಹುಡುಗನ ದಾಖಲೆಗೆ, ಕೆಲವು ಗಂಭೀರ ಅಪರಾಧಗಳನ್ನು ಬಿಟ್ಟು, ಕೋರ್ಟೇ ಮೊಹರು ಹಾಕಬೇಕು. 2015ರಿಂದ ಇದು ಕಾನೂನು. ಮೊಹರು ಬಿತ್ತೆಂದರೆ ಆ ಬಂಧನ ನಡೆದೇ ಇಲ್ಲ. ಕೇಳಿದವರಿಗೆ ಹಾಗೆಂದೇ ಉತ್ತರಿಸಬಹುದು.

ಎಷ್ಟು ಚೆಂದ! ಈಗ ಫ್ರೀಮಾಂಟ್‌ನಲ್ಲೋ ಸನಿವೇಲ್‌ನಲ್ಲೋ ಅಪ್ಪನದೋ ಅಮ್ಮನದೋ ಕೆಲಸದ ವೀಸಾಕ್ಕೆ ಅಂಟಿದ ಎಚ್-4 ವೀಸಾದಲ್ಲಿ ಬೆಳೆದ ನಮ್ಮ ಹುಡುಗನೊಬ್ಬ ಗ್ರೀನ್ ಕಾರ್ಡ್ ಅರ್ಜಿ ತುಂಬಲಿ. ಎಂದಾದರೂ ಬಂಧನವಾಗಿತ್ತೇ? ಮೊಹರು ಬಿದ್ದಿದ್ದರೂ ಹೇಳು. ನಿನಗೆ ದಾಖಲೆಯೇ ಇಲ್ಲವೆಂದು ನ್ಯಾಯಾಧೀಶರೇ ಹೇಳಿದ್ದರೂ ಹೇಳು. ಕೆಳಗೆ ಸಹಿ ಹಾಕು, ಸುಳ್ಳಾದರೆ ಶಿಕ್ಷೆ.

ಒಂದೇ ದೇಶ. ರಾಜ್ಯ ‘ನಡೆದಿಲ್ಲ ಎನ್ನು’ ಅನ್ನುತ್ತದೆ. ಕೇಂದ್ರ ‘ನಡೆದದ್ದು ಬೊಗಳು’ ಅನ್ನುತ್ತದೆ. ಬಾಲಾಪರಾಧದ ತೀರ್ಪನ್ನು ಅಪರಾಧ ಸಾಬೀತೆಂದು ಪರಿಗಣಿಸುವುದಿಲ್ಲ ಎಂದು ವಲಸೆ ಕಾನೂನೇ ಒಪ್ಪುತ್ತದೆ. ಮತ್ತೆ ಕೇಳುವುದೇಕೆ? ಕಾರ್ಡು ಕೊಡುವ ವಿವೇಚನೆ ಅಧಿಕಾರಿಯದಂತೆ.

ಮೊಹರಾದರೂ ಗಟ್ಟಿಯೇ? ಪ್ರಾಸಿಕ್ಯೂಟರಿಗೆ, ಪ್ರೊಬೇಷನ್ ಇಲಾಖೆಗೆ ಇಂತಿಂಥ ಸಂದರ್ಭದಲ್ಲಿ ಒಳಗೆ ನೋಡಲು ದಾರಿಯಿದೆ. ತನ್ನದೇ ಕಡತ ನೋಡಬೇಕೆಂದರೆ ಹುಡುಗ ಕೋರ್ಟಿಗೆ ಅರ್ಜಿ ಹಾಕಬೇಕು. ಗೋಪ್ಯತೆ ಯಾರಿಂದ ಎಂದು ಈಗ ಗೊತ್ತಾಯಿತಲ್ಲ?

ಅಲ್ಲಿನ ಕನ್ನಡ ಕೂಟದ ಊಟದ ಸಾಲಿನಲ್ಲಿ ಈ ಮಾತು ತೆಗೆದು ನೋಡಿ. ‘ನಮ್ಮನೇಲಿ ಅಂಥದ್ದೆಲ್ಲ ಇಲ್ಲಪ್ಪ’ ಎಂದು ತಟ್ಟೆ ಹಿಡಿದು ಮುಂದೆ ಹೋಗುತ್ತಾರೆ. ಇರಲಿ. ಇದ್ದವರು ಕೇಳಿಸಿಕೊಳ್ಳಿ: ಮೊಹರು ಬೀಳುವ ಮೊದಲೇ ಕೋರ್ಟಿನಿಂದ ದೃಢೀಕೃತ ಪ್ರತಿ ತೆಗೆದಿಟ್ಟುಕೊಳ್ಳಿ. ನಡೆದೇ ಇಲ್ಲದ ಘಟನೆಗೆ ಮುಂದೆ ದಾಖಲೆ ಕೇಳುತ್ತಾರೆ.