ಅನುಸ್ವಾರ-ರಾಕೆಟ್ ನ್ಯಾಯ: ಹೇಳದೆ ಬಿಡುವ ಶಾಸ್ತ್ರದ ಕಿರುಮೀಮಾಂಸೆ

ಯಂತ್ರ ಹೇಗೆ ನಡೆಯಬೇಕೆಂದು ಗಣಿತದಲ್ಲಿ ಬರೆದಿಡುವ ವಿದ್ವಾಂಸರು ಒಂದು ಬಣ. ನಾಲಿಗೆ ಹೇಗೆ ನಡೆಯುತ್ತದೆಂದು ಬರೆದಿಡುವ ಧ್ವನಿಮಾಶಾಸ್ತ್ರಜ್ಞರು ಇನ್ನೊಂದು ಬಣ. ತಮ್ಮದು ಸ್ಪೆಸಿಫಿಕೇಷನ್ ಸಿದ್ಧಾಂತ ಎಂದು ಎರಡೂ ಬಣ ಹೇಳಿಕೊಳ್ಳುತ್ತವೆ. ಒಬ್ಬರ ಸೆಮಿನಾರಿಗೆ ಇನ್ನೊಬ್ಬರು ಹೋಗುವುದಿಲ್ಲ. ಇವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಊಟದ ವ್ಯವಸ್ಥೆ ಸಂಘಟಕರದು.

ಪ್ರತಿಜ್ಞೆ ಇದು: ಸ್ಪೆಸಿಫಿಕೇಷನ್ನಿನಲ್ಲಿ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ, ಪಕ್ಕದಲ್ಲಿ ಕೂತವನ ಗುಣ ಹಿಡಿಯುತ್ತದೆ. ಪ್ರಮಾಣ ಕನ್ನಡಿಗರ ಬಾಯಲ್ಲೇ ಇದೆ. ಅಂಗಡಿ, ಅಂಚೆ, ಅಂಟು, ಅಂದ, ಅಂಬಲಿ. ಬರೆಯುವುದು ಒಂದೇ ಸೊನ್ನೆ. ನುಡಿಯುವಾಗ ಅದು ಕ್ರಮವಾಗಿ ಙ, ಞ, ಣ, ನ, ಮ. ಆ ಸೊನ್ನೆಯೊಳಗೆ 'ಮೂಗಿನಿಂದ ಬರತಕ್ಕದ್ದು' ಎಂಬುದಷ್ಟೇ ನಮೂದು. ನಾಲಿಗೆ ಎಲ್ಲಿ ತಾಗಬೇಕೆಂಬ ಕಾಲಂ ಖಾಲಿ. ಅದನ್ನು ಮುಂದಿನ ವ್ಯಂಜನ ಬಂದು ತುಂಬುತ್ತದೆ. ಪಾಣಿನಿ ಇದನ್ನು ಪರಸವರ್ಣವೆಂದು ಕರೆದು, ಎಂಟನೇ ಅಧ್ಯಾಯದ ಒಂದು ಪುಟ್ಟ ಸೂತ್ರದಲ್ಲಿ ಮುಗಿಸಿಬಿಟ್ಟ. ವಿಯೆನ್ನಾದ ಪ್ರಾಧ್ಯಾಪಕ ತ್ರುಬೆತ್ಸ್‌ಕೊಯ್ ಇಂಥ ಅರೆತುಂಬಿದ ಘಟಕಕ್ಕೆ ಆರ್ಕಿಫೋನೀಮ್ ಎಂದರು. ಅವರ ಗ್ರಂಥ 1939ರಲ್ಲಿ, ಅವರು ತೀರಿಕೊಂಡ ಮರುವರ್ಷ, ಪ್ರಕಟವಾಯಿತು. ಇಂಥ ಘಟಕಕ್ಕೆ ಇನ್ನೊಂದು ಉದಾಹರಣೆ: ಜರ್ಮನ್ ಭಾಷೆಯಲ್ಲಿ ಪದದ ಕೊನೆಗೆ ಡಕಾರ ಟಕಾರಗಳ ಭೇದ ಅಳಿದು, ಚಕ್ರವೂ ಸಲಹೆಯೂ 'ರಾಟ್' ಎಂದೇ ಕೇಳಿಸುತ್ತವೆ. ಸಲಹೆ ಕೇಳಿದವರಿಗೆ ಚಕ್ರ ಕೊಟ್ಟು ಕಳಿಸಿದ ದಾಖಲೆ ನಮಗೆ ಸಿಕ್ಕಿಲ್ಲ.

ಪೂರ್ವಪಕ್ಷಿಯ ಆಕ್ಷೇಪ: ಇದು ನಾಲಿಗೆಯ ಸೋಮಾರಿತನ, ಗಣಿತಕ್ಕೇನು ನಂಟು?

ಕೇಳು, ಪೂರ್ವಪಕ್ಷಿಯೇ. 1988ರಲ್ಲಿ ಲಾರ್ಸೆನ್ ಮತ್ತು ಥಾಮ್ಸೆನ್ ಎಂಬ ಡೆನ್ಮಾರ್ಕಿನ ಪಂಡಿತರು ಯಂತ್ರದ ಹೆಜ್ಜೆಗಳನ್ನು ವಿಂಗಡಿಸಿದರು: ಇಡಲೇಬೇಕಾದವು, ಇಡಬಹುದಾದವು. ಇಡಲೇಬೇಕಾದ ಹೆಜ್ಜೆ ಇಡಬಹುದಾದದ್ದೂ ಆಗಿರಬೇಕು ಎಂಬುದು ಅವರ ನಿಯಮ. ಇಷ್ಟಕ್ಕೆ ಗಣಿತ ಬೇಕಾಯಿತೇ ಎಂದು ನಗಬೇಡ; ನಮ್ಮ ಎಷ್ಟೋ ಕಚೇರಿಗಳಲ್ಲಿ ಇದು ಇನ್ನೂ ಜಾರಿಗೆ ಬಂದಿಲ್ಲ. ಸ್ಪೆಸಿಫಿಕೇಷನ್ ಮಾಗುತ್ತ ಹೋದಂತೆ ಒಂದೊಂದು 'ಬಹುದು' ಉದುರುತ್ತದೆ, ಇಲ್ಲವೇ 'ಬೇಕು' ಆಗಿ ಬಡ್ತಿ ಪಡೆಯುತ್ತದೆ. ಬರೀ 'ಬಹುದು' ಒಂದೂ ಉಳಿಯದಾಗ ಯಂತ್ರ ಸಿದ್ಧ. ಆದಕಾರಣ 'ಬಹುದು' ಎಂಬುದೇ ಗಣಿತದ ಅನುಸ್ವಾರ.

ಶಾಸ್ತ್ರದ ಪ್ರಯೋಗಭಾಗ 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂನಲ್ಲಿ ನೆರವೇರಿತು. ಏರಿಯಾನ್-5 ರಾಕೆಟಿಗೆ ದಿಕ್ಕು ತಿಳಿಸುವ ಉಪಕರಣದ ತಂತ್ರಾಂಶ ಏರಿಯಾನ್-4ರಿಂದ ಬಳುವಳಿ ಬಂದದ್ದು. ಹೊಸ ರಾಕೆಟಿನ ಹಾದಿಯ ಅಂಕಿಅಂಶ ಅದರ ಸ್ಪೆಸಿಫಿಕೇಷನ್ನಿಗೆ ಸೇರಿರಲಿಲ್ಲ. ಹಳೆಯ ರಾಕೆಟಿನ ಪಕ್ಕದಲ್ಲಿದ್ದಷ್ಟು ದಿನ ಆ ಖಾಲಿ ಕಾಲಂ ಸಾಧುವಾಗಿತ್ತು. ಹೊಸದರ ಅಡ್ಡವೇಗ ಹೆಚ್ಚು. 64 ಬಿಟ್ಟಿನ ಸಂಖ್ಯೆಯನ್ನು 32,767ರವರೆಗಷ್ಟೇ ಹಿಡಿಸುವ 16 ಬಿಟ್ಟಿನ ಜಾಗಕ್ಕೆ ತುರುಕಲು ಹೋದಾಗ ಹಿಡಿಸಲಿಲ್ಲ. ಉಪಕರಣ ಕೈಚೆಲ್ಲಿತು. ಆಪತ್ತಿಗಿರಲೆಂದು ಇಟ್ಟಿದ್ದ ಜೋಡಿ ಉಪಕರಣವೂ ಅದೇ ಪಾಠ ಓದಿದ್ದು, ಕ್ಷಣಾರ್ಧ ಮೊದಲೇ ಕೈಚೆಲ್ಲಿತ್ತು. ಸುಮಾರು 40 ಸೆಕೆಂಡಿನಲ್ಲಿ ರಾಕೆಟ್ ಚೂರುಚೂರು. ಅಷ್ಟಕ್ಕೂ ಆ ಸಂಖ್ಯೆ ಹುಟ್ಟಿಸಿದ ಲೆಕ್ಕಕ್ಕೆ ಏರಿಯಾನ್-5 ನೆಲ ಬಿಟ್ಟ ಮೇಲೆ ಏನೂ ಕೆಲಸವಿರಲಿಲ್ಲ. ಹಿರಿಯ ರಾಕೆಟಿನ ಕಾಲದಿಂದ ಬಂದ ಆಚಾರವೆಂದು ನಡೆದುಕೊಂಡು ಬಂದಿತ್ತು. ತನಿಖಾ ಮಂಡಳಿ ಇದನ್ನು ಸ್ಪೆಸಿಫಿಕೇಷನ್ ಮತ್ತು ವಿನ್ಯಾಸದ ದೋಷವೆಂದಿತು. ವ್ಯಾಕರಣದ ದೃಷ್ಟಿಯಲ್ಲಿ ಇದು ಶುದ್ಧ ಸಂಧಿಕಾರ್ಯ.

ಮತ್ತೆ ಅನುಸ್ವಾರಕ್ಕೆ ಬರೋಣ: ಅದರ ಪಕ್ಕದಲ್ಲಿ ವರ್ಗೀಯ ವ್ಯಂಜನವೇ ಇಲ್ಲದಿದ್ದರೆ? ಆಗ ಡೀಫಾಲ್ಟ್ ನಿಯಮ. ಸಂಸಾರ, ಸಂಶಯ, ಸಿಂಹ: ನಮ್ಮ ರೂಢಿಯ ಉಚ್ಚಾರದಲ್ಲಿ ಮೂರಕ್ಕೂ ಮಕಾರ. ಅಂದರೆ ಈ ಮೂರರಲ್ಲಿ ಯಾವುದು ಎದುರಾದರೂ ಕನ್ನಡಿಗರು ತುಟಿ ಮುಚ್ಚುತ್ತಾರೆ. ಸ್ವರಗಳಲ್ಲೂ ಇದೇ ಕಥೆ. ಭಾಷಾವಿಜ್ಞಾನಿ ಡಯಾನಾ ಆರ್ಕಂಜೆಲಿ 1984ರಲ್ಲಿ, ಕ್ಯಾಲಿಫೋರ್ನಿಯಾದ ಯಾವೆಲ್ಮಾನಿ ಭಾಷೆಯ ಇಕಾರದೊಳಗೆ ಏನನ್ನೂ ಬರೆದಿಡಬೇಕಿಲ್ಲ, ಡೀಫಾಲ್ಟ್ ನಿಯಮವೇ ತುಂಬಿಕೊಳ್ಳುತ್ತದೆ ಎಂದು ವಾದಿಸಿದರು. ನಮ್ಮಲ್ಲಿ ಆ ಡೀಫಾಲ್ಟ್ ಸ್ವರದ ಹುದ್ದೆ ಉಕಾರದ್ದು. ಬಸ್ಸು, ಕಾರು, ಪೆನ್ನು: ಯಾರೂ ಕರೆಯದಿದ್ದರೂ ಬಂದು ಕೊನೆಗೆ ಕೂರುತ್ತದೆ.

ಸ್ಪೆಸಿಫಿಕೇಷನ್ ಬರೆಯುವ ಮಹನೀಯರಲ್ಲಿ ವಿನಂತಿ: ಕಾಲಂ ಖಾಲಿ ಬಿಡಿ, ಅದು ಶಾಸ್ತ್ರಸಮ್ಮತ. ಆದರೆ ಮುಂದಿನ ಅಕ್ಷರ ಯಾವುದೆಂದು ವಿಚಾರಿಸಿ ಬಿಡಿ. ಬಕಾರವಾದರೆ ಚಿಂತೆಯಿಲ್ಲ. ರಾಕೆಟಾದರೆ, ಸಂಖ್ಯೆ 32,767 ದಾಟಿದ ಮೇಲೆ ಏನು ಮಾಡತಕ್ಕದ್ದು ಎಂದು ದಯವಿಟ್ಟು ಬರೆಯಿರಿ.