ಮಾನರಕ್ಷಣಾಸೂತ್ರ: ಒಂದು ಲಘುಭಾಷ್ಯ

ಆದಿಸೂತ್ರ: ಗೂಗಲೇ ಗೋತ್ರಂ.

ಭಾಷ್ಯ: ಹಿಂದೆ ಸಂಬಂಧ ಬೆಳೆಸಲು ಬಂದವರು ಗೋತ್ರ, ನಕ್ಷತ್ರ ಕೇಳಿ, ಆಮೇಲೆ ಪಕ್ಕದ ಮನೆಯವರ ಹತ್ತಿರ ಮೆಲ್ಲಗೆ ವಿಚಾರಿಸುತ್ತಿದ್ದರು. ಈಗ ಬಸ್ಸಿನಲ್ಲಿ ಬರುವಾಗಲೇ ಹುಡುಗನ ಹೆಸರು ಹಾಕಿ ಹುಡುಕಿರುತ್ತಾರೆ. ಪಕ್ಕದ ಮನೆಯವರಿಗಾದರೂ ಮರೆವು ಎಂಬ ಸದ್ಗುಣವಿತ್ತು, ಸರ್ವರ್‌ಗೆ ಅದಿಲ್ಲ. ಆದ್ದರಿಂದ ಮನುಷ್ಯನ ಮಾನ ಹುಡುಕಾಟದ ಮೊದಲ ಪುಟದಲ್ಲಿ ವಾಸಿಸುತ್ತದೆಂದೂ, ಎರಡನೇ ಪುಟದ ತನಕ ಯಾರೂ ಹೋಗುವುದಿಲ್ಲವೆಂದೂ ಪ್ರಾಜ್ಞರ ಮತ.

ದ್ವಿತೀಯ ಸೂತ್ರ: ಅಲ್ಲಗಳೆದಷ್ಟೂ ಅಂಟುವುದು.

ಇದಕ್ಕೆ ಪ್ರಮಾಣ ಕ್ಯಾಲಿಫೋರ್ನಿಯಾದಲ್ಲಿ ಸಿಗುತ್ತದೆ. ಕಡಲ ಕೊರೆತ ದಾಖಲಿಸಲೆಂದು ಕೆನೆತ್ ಅಡೆಲ್ಮನ್ ಹೆಲಿಕಾಪ್ಟರಿನಿಂದ ತೆಗೆದ ಸುಮಾರು 12,000 ಚಿತ್ರಗಳ ಪೈಕಿ ಒಂದರಲ್ಲಿ ಗಾಯಕಿ ಬಾರ್ಬ್ರಾ ಸ್ಟ್ರೈಸೆಂಡ್ ಅವರ ಮನೆಯೂ ಬಿದ್ದಿತ್ತು. 2003ರಲ್ಲಿ ಆಕೆ 5 ಕೋಟಿ ಡಾಲರ್ ಕೇಳಿ ದಾವೆ ಹೂಡಿದರು. ಅಲ್ಲಿಯತನಕ ಆ ಚಿತ್ರವನ್ನು ಇಳಿಸಿಕೊಂಡಿದ್ದು ಬರೀ ಆರು ಸಲ, ಅದರಲ್ಲೂ ಎರಡು ಸಲ ಆಕೆಯ ವಕೀಲರೇ! ದಾವೆಯ ಸುದ್ದಿ ಹರಡಿದ ಒಂದೇ ತಿಂಗಳಲ್ಲಿ ನೋಡಲು ಬಂದವರು 4 ಲಕ್ಷಕ್ಕೂ ಹೆಚ್ಚು. ದಾವೆ ವಜಾ ಆಯಿತು, ಎದುರಾಳಿಯ ವಕೀಲರ ಖರ್ಚೂ ಆಕೆಯ ತಲೆಗೇ ಬಂತು. 2005ರಲ್ಲಿ ಮೈಕ್ ಮ್ಯಾಸ್ನಿಕ್ ಇದಕ್ಕೆ ‘ಸ್ಟ್ರೈಸೆಂಡ್ ಪರಿಣಾಮ’ ಎಂದು ಹೆಸರಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕುರಿತು ನಮ್ಮ ಅಜ್ಜಿಯರು ಎಂದೋ ಪ್ರಬಂಧ ಮಂಡಿಸಿದ್ದರು, ಪಿಎಚ್.ಡಿ.ಗೆ ಕೊಟ್ಟಿರಲಿಲ್ಲ ಅಷ್ಟೇ.

ಇಲ್ಲೊಂದು ಸೂಕ್ಷ್ಮವಿದೆ. ಹೆಗಲು ಮುಟ್ಟಿಕೊಂಡವನು ಕಳ್ಳನೇ ಆಗಿರಬೇಕೆಂದಿಲ್ಲ, ಹೆಗಲು ತುರಿಸಿರಬಹುದು. ಆದರೆ ನಿಂತು ನೋಡುವವರು ತುರಿಕೆಯ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2021ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರು ಮಂದಿ ಸಚಿವರು, ತಮ್ಮ ವಿರುದ್ಧ ಮಾನಹಾನಿಕರವಾದದ್ದೇನನ್ನೂ ಪ್ರಸಾರ ಮಾಡಬಾರದೆಂದು ಮಾಧ್ಯಮಗಳ ಮೇಲೆ ಬೆಂಗಳೂರಿನ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಕಾನೂನಿನ ಪ್ರಕಾರ ಅದು ಅವರ ಹಕ್ಕು. ಕಾಫಿ ಕಟ್ಟೆಗಳಿಗೆ ಮಾತ್ರ ಆ ಆಜ್ಞೆ ಅನ್ವಯಿಸಲಿಲ್ಲ.

ಸ್ಪೇನಿನ ಒಬ್ಬ ಮಹಾಶಯರದು ಇನ್ನೂ ವಿಚಿತ್ರ. ಬಾಕಿ ಸಾಲಕ್ಕಾಗಿ ಅವರ ಆಸ್ತಿ ಹರಾಜಿಗಿದೆ ಎಂಬ ಪ್ರಕಟಣೆ 1998ರಲ್ಲಿ ‘ಲಾ ವಾನ್‌ಗ್ವಾರ್ದಿಯಾ’ ಪತ್ರಿಕೆಯಲ್ಲಿ ಬಂದಿತ್ತು. ಹಳೇ ಕಥೆ, ಈಗ ಗೂಗಲ್ ಅದನ್ನು ತೋರಿಸದಿರಲಿ ಎಂದು ಹೋರಾಡಿ 2014ರ ಮೇ 13ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯದಲ್ಲಿ ಗೆದ್ದರು. ‘ಮರೆಯಲ್ಪಡುವ ಹಕ್ಕು’ ಗಟ್ಟಿಯಾಗಿ ನಿಂತದ್ದು ಈ ತೀರ್ಪಿನಿಂದ. ತೀರ್ಪಿನ ಶೀರ್ಷಿಕೆಯಲ್ಲೇ ಅವರ ಹೆಸರಿರುವುದರಿಂದ ಆ ಸಾಲವನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದಿ ಪಾಸಾಗುತ್ತಾರೆ. ಈ ಭಾಷ್ಯಕಾರನಾದರೂ ಹೆಸರು ಬರೆಯದೆ ಅವರ ಇಚ್ಛೆ ನಡೆಸುತ್ತಿದ್ದಾನೆ.

ದೃಷ್ಟಾಂತ. ಒಬ್ಬ ಹೋಟೆಲ್ ಮಾಲೀಕರಿದ್ದಾರೆ ಎನ್ನಿ. ಯಾರೋ ಒಂದು ನಕ್ಷತ್ರ ಕೊಟ್ಟು ‘ಸಾಂಬಾರ್ ತಣ್ಣಗಿತ್ತು’ ಎಂದು ಬರೆದ. ಮಾಲೀಕರು ರಾತ್ರಿ ಹನ್ನೊಂದಕ್ಕೆ ಗಲ್ಲಾಪೆಟ್ಟಿಗೆ ಮುಚ್ಚಿ, ಕನ್ನಡಕ ಏರಿಸಿ, ‘ಈ ಮೂಲಕ ಸಾರ್ವಜನಿಕರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಶುರುಮಾಡುತ್ತಾರೆ. ತಾತ ಉಡುಪಿಯಿಂದ ಬರಿಗೈಯಲ್ಲಿ ಬಂದದ್ದು, ಜಿರಳೆಯ ಆರೋಪ ಹಿಂದೊಮ್ಮೆ ಸುಳ್ಳೆಂದು ಸಾಬೀತಾದದ್ದು, ಎಲ್ಲವೂ ಅದರಲ್ಲಿದೆ. ಜಿರಳೆಯ ವಿಷಯ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ‘ನಿನ್ನ ಮೇಲೆ 66ಎ ಹಾಕಿಸುತ್ತೇನೆ’ ಎಂಬ ಗುಡುಗು. ಐಟಿ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ಕಿತ್ತುಹಾಕಿದೆ ಎಂದು ಕೆಳಗೆ ನಲವತ್ತು ಮಂದಿ ತಿಳಿಸುತ್ತಾರೆ. ಸಾಂಬಾರನ್ನು ಬಿಸಿ ಮಾಡಿಟ್ಟು ‘ಕ್ಷಮಿಸಿ, ಮತ್ತೆ ಬನ್ನಿ’ ಎಂದಿದ್ದರೆ ಮುಗಿಯುತ್ತಿತ್ತು ಎಂಬ ವಾದವನ್ನು ಮಾಲೀಕರು ಅಶಾಸ್ತ್ರೀಯವೆಂದು ತಳ್ಳಿಹಾಕಿದ್ದಾರೆ.

ಪೂರ್ವಪಕ್ಷ: ಹಾಗಾದರೆ ಬೈದವರಿಗೆಲ್ಲ ಕೈಮುಗಿದು ಕೂರಬೇಕೇ?

ಸಿದ್ಧಾಂತ: ಇಲ್ಲ. ತಣ್ಣಗಿನ ಸಾಂಬಾರಿಗೂ ತಿರುಚಿದ ಫೋಟೊಗೂ ಒಂದೇ ನ್ಯಾಯವಲ್ಲ. ನಕಲಿ ಖಾತೆ, ಬೆದರಿಕೆ, ಖಾಸಗಿ ಚಿತ್ರಗಳ ವಿಷಯಕ್ಕೆ ಬಂದರೆ ಭಾಷ್ಯಕಾರ ನಗುವುದಿಲ್ಲ. ಮೊದಲ ಗಾಬರಿಯಲ್ಲಿ ಎಲ್ಲವನ್ನೂ ಅಳಿಸುವುದು ಮಹಾದೋಷ, ಸಾಕ್ಷ್ಯ ಅಳಿಸಿದವನ ದೂರನ್ನು ಠಾಣೆಯಲ್ಲಿ ಏನೆಂದು ಬರೆದುಕೊಳ್ಳಬೇಕು? ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ ಎತ್ತಿಟ್ಟುಕೊಂಡು ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅಂಥವರೊಬ್ಬರು ಇರಲೇಬೇಕೆಂದು 2021ರ ಐಟಿ ನಿಯಮಗಳು ಹೇಳುತ್ತವೆ. ಕೇಂದ್ರದ ಸೈಬರ್ ಅಪರಾಧ ಪೋರ್ಟಲ್ ಇದೆ. ಖಾಸಗಿ ಚಿತ್ರಗಳಿಗೆ ‘ಸ್ಟಾಪ್ ಎನ್‌ಸಿಐಐ’ ಎಂಬ ವ್ಯವಸ್ಥೆಯಿದ್ದು, ಚಿತ್ರ ನಮ್ಮ ಫೋನ್ ಬಿಟ್ಟು ಹೋಗದೆ ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂಬ 2017ರ ತೀರ್ಪನ್ನು ತಂದುಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ಹೇಳದೆ ಮುಂದೆ ಹೋದರೆ ಭಾಷ್ಯಕ್ಕೆ ಊರಭಿಮಾನ ಸಾಲದು.

ಪರಿಶಿಷ್ಟ: ಹಿತೈಷಿದೋಷ. ಮೇಲಿನ ಎಲ್ಲ ಉಪಾಯಗಳನ್ನೂ ಮುರಿಯುವವರು ಕುಟುಂಬದ ವಾಟ್ಸ್ಆ್ಯಪ್ ಗುಂಪಿನ ಭಾವ. ಅವರು ಆ ತಿರುಚಿದ ಚಿತ್ರವನ್ನೇ ಲಗತ್ತಿಸಿ, ‘ಇದು ನಮ್ಮ ಹುಡುಗನದಲ್ಲ, ದಯವಿಟ್ಟು ಯಾರೂ ಹಂಚಬೇಡಿ’ ಎಂದು ಇರುವ ಗುಂಪುಗಳಿಗೆಲ್ಲ ಹಂಚಿ, ಮೂರು ಕೈಮುಗಿತ ಹಾಕುತ್ತಾರೆ. ಇದಕ್ಕೆ ಯಾವ ನಿಯಮಾವಳಿಯಲ್ಲೂ ಪ್ರಾಯಶ್ಚಿತ್ತ ಹೇಳಿಲ್ಲ. ಹಾಗಾಗಿ ಆಚರಣೆಯ ಕ್ರಮ: ಮೊದಲು ಭಾವನಿಗೆ ಫೋನ್, ಆಮೇಲೆ ಠಾಣೆಗೆ.